ಈಶಾನ್ಯ ಮೂಲೆಯ ಬಾವಿ

ದೋಹಾದಲ್ಲಿ ನಾನು ಮಾಡುತ್ತಿದ್ದ ಕೆಲಸದ ಹೆಸರು ಡಾಕ್ಯುಮೆಂಟ್ ಕಂಟ್ರೋಲರ್. ರಜೆಯಲ್ಲಿ ಊರಿಗೆ ಹೋದಾಗ ಇದನ್ನು ವಿವರಿಸುವುದು ಪ್ರತಿಸಲವೂ ಕಷ್ಟವಾಗುತ್ತಿತ್ತು. ಕಟ್ಟಡ ಕಟ್ಟುವವನಲ್ಲ, ನಕ್ಷೆ ಬರೆಯುವವನಲ್ಲ, ಕಟ್ಟಿದ್ದನ್ನು ನೋಡಿಕೊಳ್ಳುವವನೂ ಅಲ್ಲ. ಒಬ್ಬರು ಬರೆದ ಕಾಗದ ಇನ್ನೊಬ್ಬರ ಕೈಗೆ ಹೋಗುವ ಮುಂಚೆ ಅದಕ್ಕೊಂದು ನಂಬರು ಹಾಕಿ, ಇದು ಎಷ್ಟನೆಯ ತಿದ್ದುಪಡಿ ಎಂದು ನಮೂದಿಸಿ, ಹಳೆಯ ಪ್ರತಿಯ ಮೇಲೆ ‘ರದ್ದು’ ಎಂಬ ಕೆಂಪು ಮುದ್ರೆ ಒತ್ತುವವನು. ಇಷ್ಟನ್ನು ಕೇಳಿದ ಮೇಲೆ ನನ್ನ ಮಾವ, ಉಡುಪಿ ಕಡೆಯ ಸಭ್ಯ ಗೃಹಸ್ಥರು, ಅಲ್ಲಿ ಸೆಕೆ ಹೇಗಿದೆ ಎಂದು ಮಾತು ಬದಲಿಸುತ್ತಿದ್ದರು.

ನಮ್ಮ ವೃತ್ತಿಗೆ ಒಂದೇ ಒಂದು ಧರ್ಮಸೂತ್ರ. ನಕ್ಷೆಯಲ್ಲಿ ಇದ್ದದ್ದು ಬರಹದಲ್ಲೂ ಇರಬೇಕು, ಬರಹದಲ್ಲಿ ಇದ್ದದ್ದು ನಕ್ಷೆಯಲ್ಲೂ ಇರಬೇಕು. ನಕ್ಷೆಯಲ್ಲಿ ಬಾಗಿಲಿದ್ದು ವರದಿಯಲ್ಲಿ ಇಲ್ಲದಿದ್ದರೆ ಕಂಟ್ರಾಕ್ಟರ್ ಅಲ್ಲಿ ಗೋಡೆ ಎಬ್ಬಿಸಿ, ಬಣ್ಣ ಬಳಿದು, ಬಿಲ್ಲು ಕಳಿಸುತ್ತಾನೆ. ಈ ಸೂತ್ರವನ್ನು ನಾನು ಹನ್ನೊಂದು ವರ್ಷ ನಿಷ್ಠೆಯಿಂದ ಪಾಲಿಸಿದೆ. ಆ ನಿಷ್ಠೆಯೇ ನನ್ನನ್ನು ಹಾಳುಮಾಡಿತು.

ಆಗ ಎರಡು ಸಾವಿರದ ದಶಕ ಅರ್ಧ ಕಳೆದಿತ್ತು. ಊರಿಡೀ ಕ್ರೇನುಗಳು. ನಮ್ಮ ಕಚೇರಿ ಅಲ್ ಹಿಲಾಲ್‌ನ ಒಂದು ವಿಲ್ಲಾದಲ್ಲಿತ್ತು. ಅಡುಗೆಮನೆಯಾಗಿದ್ದ ಕೋಣೆಯಲ್ಲಿ ನನ್ನ ಕಡತಗಳು, ಸಿಂಕಿನ ಮೇಲೆ ಹಲಗೆ ಹಾಕಿ ಫ್ಯಾಕ್ಸ್ ಯಂತ್ರ. ಮುಖ್ಯ ಎಂಜಿನಿಯರು ಇಂಗ್ಲೆಂಡಿನವರು, ಅರುವತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ, ಮದೀನತ್ ಖಲೀಫಾದಲ್ಲಿ ಒಬ್ಬರೇ ವಾಸ. ಕರಾವಳಿಯ ನಾವು ಮೂರು ನಾಲ್ಕು ಮಂದಿ ನಮ್ಮೊಳಗೆ ಅವರನ್ನು ‘ದೊರೆ’ ಎನ್ನುತ್ತಿದ್ದೆವು. ಬಿಳಿಯ ಮೇಲಧಿಕಾರಿಗೆ ಹಾಗೆನ್ನುವುದು ನಮ್ಮ ಅಜ್ಜಂದಿರಿಂದ ಬಂದ ಅಭ್ಯಾಸ. ಅವರಿಗೆ ನಿಜವಾಗಿಯೂ ಒಂದು ಕೋಟೆ ಇದೆಯೆಂದು ತಿಳಿದ ದಿನ ನಮಗೇ ಸ್ವಲ್ಪ ಮುಜುಗರವಾಯಿತು.

ಅದು ತಿಳಿದದ್ದು ಹೀಗೆ. ಒಂದು ದಿನ ಕ್ಯಾಬಿನ್ನಿಗೆ ಕರೆದು, ಕೈಬರಹದ ಕಾಗದಗಳ ಒಂದು ದಪ್ಪ ಕಟ್ಟನ್ನು ನನ್ನೆದುರು ಇಟ್ಟರು. ಅದು ಅವರ ಮನೆಯ ಇತಿಹಾಸ. ಕಚೇರಿಯದ್ದಲ್ಲ, ಸ್ವಂತದ್ದು, ಟೈಪ್ ಮಾಡಿಕೊಡಲು ಸಾಧ್ಯವೇ ಎಂದು ಬಹಳ ಸಂಕೋಚದಿಂದ ಕೇಳಿದರು. ನಾನು ಒಪ್ಪಿದೆ. ಒಂದು ಡಾಕ್ಯುಮೆಂಟ್ ನಂಬರು ಮಾತ್ರ ಕೊಡಬೇಕಾಗುತ್ತದೆ, ನಂಬರಿಲ್ಲದ ಕಾಗದವನ್ನು ನಾನು ಮುಟ್ಟುವುದಿಲ್ಲ ಎಂದೆ. ಅವರು ನಗಲಿಲ್ಲ. ಕೊಡಿ ಎಂದರು.

ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದ್ದ ಆ ಮನೆ ಅವರದು ಮತ್ತು ಅವರ ಅಕ್ಕನದು. ಅಕ್ಕ ಮದುವೆಯಾಗದೆ ಅಲ್ಲೇ ಇದ್ದರು. ಇಬ್ಬರ ನಂತರ ಅದು ಯಾವುದೋ ಟ್ರಸ್ಟಿಗೆ ಹೋಗುವುದೆಂದು ಗೊತ್ತಾಗಿತ್ತು. ಆಮೇಲೆ ಆ ಮನೆಯ ವಿಷಯ ಮಾತಾಡುವವರು ಸಂಬಳದ ಗೈಡುಗಳು. ಅಷ್ಟರೊಳಗೆ ಒಂದು ನಿಜವಾದ ಇತಿಹಾಸ ಬರೆದಿಡಬೇಕು ಎಂಬುದು ಅವರ ಹಟ. ‘ನಿಜವಾದ’ ಎಂಬ ಶಬ್ದವನ್ನು ಅವರು ಎರಡು ಸಲ ಹೇಳಿದರು. ಕಾರಣ ಅವರ ತಂದೆ.

ತಂದೆ ಮನೆಯ ಖರ್ಚು ತೂಗಿಸಲು ಬೇಸಿಗೆಯ ಭಾನುವಾರಗಳಂದು ಬಾಗಿಲು ತೆರೆದು ಜನರಿಗೆ ತೋರಿಸುತ್ತಿದ್ದರಂತೆ. ತೋರಿಸಲು ಹೆಚ್ಚೇನೂ ಇಲ್ಲದ್ದರಿಂದ ಹೇಳುವುದನ್ನು ಹೆಚ್ಚಿಸಿದರು. ಈ ಮಂಚದಲ್ಲಿ ಒಬ್ಬ ರಾಜ ಮಲಗಿದ್ದ. ಈ ಕಲೆ ರಕ್ತದ್ದು. ಈ ನೆಲಮಾಳಿಗೆಯಿಂದ ಚರ್ಚಿಗೆ ಸುರಂಗ. ಒಮ್ಮೆ ಬಂದ ಪಂಡಿತರೊಬ್ಬರು ಮಂಡಿಯೂರಿ ಮಂಚದ ಅಡಿಗೆ ಇಣುಕಿ, ಪೀಠೋಪಕರಣದ ಅಂಗಡಿಯ ಚೀಟಿಯನ್ನು ಗಟ್ಟಿಯಾಗಿ ಓದಿದರಂತೆ. ತಂದೆ ಎಲ್ಲರಿಗಿಂತ ಜೋರಾಗಿ ನಕ್ಕರು. ಬಾಗಿಲಲ್ಲಿ ಟಿಕೇಟಿನ ಡಬ್ಬಿ ಹಿಡಿದು ನಿಂತಿದ್ದ ಹನ್ನೆರಡು ವರ್ಷದ ಮಗನಿಗೆ ಮಾತ್ರ ನಗು ಬರಲಿಲ್ಲ. ಆ ಮಗ ಈಗ ನನ್ನೆದುರು ಕೂತು, ಈ ಪುಸ್ತಕದಲ್ಲಿ ಯಾರೂ ಕಟ್ಟಿ ಹೇಳಿದ ಒಂದು ಮಾತೂ ಇರಬಾರದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು ಎಂದರು. ನಾನು ತಲೆಯಾಡಿಸಿದೆ. ಇಂಥ ಕೆಲಸಕ್ಕೆ ನನಗಿಂತ ಯೋಗ್ಯನಾದವನು ಕೊಲ್ಲಿಯಲ್ಲೇ ಇಲ್ಲ ಎಂಬ ನಂಬಿಕೆ ನನಗಿತ್ತು.

ಇತಿಹಾಸವೇನೋ ಚೆನ್ನಾಗಿತ್ತು. ಯಾವನೋ ಪ್ರಭು ರಾಜನ ಅಪ್ಪಣೆ ಪಡೆದು ಗುಡ್ಡದ ಮೇಲೆ ಕೋಟೆ ಕಟ್ಟಿದ. ಅವನ ಮೊಮ್ಮಕ್ಕಳು ತಪ್ಪು ಪಕ್ಷ ಸೇರಿ ಅದನ್ನು ಕಳೆದುಕೊಂಡರು. ಮುತ್ತಿಗೆ ಹಾಕಿದವರು ಒಂದು ಬುರುಜು ಉರುಳಿಸಿದರು, ಉಳಿದದ್ದನ್ನು ಮಳೆಗೆ ಬಿಟ್ಟರು. ಛಾವಣಿಯ ಸೀಸವನ್ನು ಯಾರೋ ಕಿತ್ತು ಒಯ್ದರು. ಮುಂದೆ ಒಬ್ಬ ಉಣ್ಣೆ ವ್ಯಾಪಾರಿ ಆ ಜಾಗ ಕೊಂಡು, ಕೋಟೆಯ ಕಲ್ಲನ್ನೇ ಇಳಿಸಿಕೊಂಡು ಬಂದು ಕೆಳಗೆ ಮನೆ ಕಟ್ಟಿದ. ಅವನೇ ದೊರೆಯ ಕುಲಪುರುಷ. ಹಾಗಾಗಿ ಮೇಲಿನ ಕೋಟೆ ಚಿಕ್ಕದಾಗುತ್ತಾ ಹೋದಂತೆ ಕೆಳಗಿನ ಮನೆ ದೊಡ್ಡದಾಗುತ್ತಾ ಬಂತು. ದನದ ಕೊಟ್ಟಿಗೆಯ ಗೋಡೆಯಲ್ಲಿ ಬಾಣ ಬಿಡುವ ಕಿಂಡಿಯಿದೆ ಎಂದು ದೊರೆ ಒಂದೇ ಸಾಲಿನಲ್ಲಿ ಬರೆದಿದ್ದರು. ಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರು ಮನೆಯ ದೊಡ್ಡ ಹಾಲಿನಲ್ಲಿ ಮಲಗಿದ್ದರು. ಇಷ್ಟನ್ನು ಬರೆದು ನಡುನಡುವೆ, ‘ಈ ಬಗ್ಗೆ ನಮಗೆ ತಿಳಿದಿಲ್ಲ’ ಎಂದು ಅವರು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಿದ್ದರು.

ಟೈಪ್ ಮಾಡುತ್ತಾ ನನಗೆ ಸಂಶಯಗಳು ಬಂದವು. ಕಟ್ಟಡದ ಕೆಲಸದಲ್ಲಿ ಸಂಶಯ ಬಂದರೆ ಕೇಳಲು ಒಂದು ಫಾರ್ಮು ಇದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಕೆಳಗೆ ಸಹಿ. ನಾನು ಅದನ್ನೇ ಬಳಸಿದೆ. ಮೂರನೆಯ ಪುಟದಲ್ಲಿ ಬುರುಜು ನಾಲ್ಕು, ಒಂಬತ್ತರಲ್ಲಿ ಮೂರು, ದಯವಿಟ್ಟು ಸ್ಪಷ್ಟಪಡಿಸಿ ಎಂದು ಬರೆದು ಕಳಿಸಿದರೆ ಅವರು ಅಷ್ಟೇ ಗಂಭೀರವಾಗಿ, ನಡುವೆ ಒಂದು ಬಿದ್ದಿದೆ ಎಂದು ಬರೆದು ಸಹಿ ಮಾಡಿ ವಾಪಸು ಕೊಡುತ್ತಿದ್ದರು. ಏಳನೆಯ ಫಾರ್ಮಿನಲ್ಲಿ ನಾನು ಕೇಳಿದ್ದು ಇಷ್ಟೇ: ಕೋಟೆಯ ಬಾವಿ ಎಲ್ಲಿ?

ಬಾವಿಯ ಪ್ರಸ್ತಾಪ ಇಡೀ ಬರಹದಲ್ಲಿ ಎಲ್ಲೂ ಇರಲಿಲ್ಲ. ದೊರೆ ಉತ್ತರದ ಜಾಗದಲ್ಲಿ, ತಿಳಿದಿಲ್ಲ, ಕೆಳಗೆ ತೊರೆಯಿದೆ, ಬಹುಶಃ ಬಿಯರ್ ಕುಡಿಯುತ್ತಿದ್ದರು ಎಂದು ಬರೆದರು. ಅದರಂತೆ ಬರಹದಲ್ಲಿ, ಕೋಟೆಯ ನೀರಿನ ವ್ಯವಸ್ಥೆ ತಿಳಿದಿಲ್ಲ ಎಂಬ ಸಾಲು ಸೇರಿತು.

ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿನಲ್ಲಿ ಅಂದು ಸಂಜೆ ಹೆಂಡತಿಗೆ ಇದನ್ನು ಹೇಳಿದೆ. ಅವಳು ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಯಾವುದನ್ನೂ ಬೇಗ ನಂಬುವವಳಲ್ಲ.

“ಬಾವಿ ಇಲ್ಲದ ಕೋಟೆಯಾ? ಮತ್ತೆ ಪಾತ್ರೆ ಎಂತದ್ರಲ್ಲಿ ತೊಳಿತಿದ್ರು, ಬಿಯರಲ್ಲಾ?” ಎಂದಳು.

ನನಗೂ ಅದೇ ಅನಿಸಿತ್ತು. ನಮ್ಮ ಕಡೆ ಮನೆ ಕಟ್ಟುವವನು ಮೊದಲು ಬಾವಿ ತೋಡುತ್ತಾನೆ, ಆಮೇಲೆ ಅದರ ನೀರಿನಿಂದಲೇ ಗೋಡೆ ಎಬ್ಬಿಸುತ್ತಾನೆ. ತೋಡುವುದು ಎಲ್ಲಿ ಎಂಬ ಬಗ್ಗೆಯೂ ಚರ್ಚೆ ಇಲ್ಲ: ಈಶಾನ್ಯದಲ್ಲಿ. ನಾವು ತಲೆತಲಾಂತರದ ಕ್ರೈಸ್ತರು, ನಮ್ಮ ಮನೆಯ ಗೋಡೆಯಲ್ಲಿ ಯೇಸುವಿನ ಪಟ, ಪ್ರತಿ ಸಂಜೆ ಜಪಮಾಲೆ ಹಿಡಿದು ತೇರ್ಸದ ಪ್ರಾರ್ಥನೆ. ಆದರೆ ನನ್ನ ತಂದೆ ಮನೆ ಕಟ್ಟುವಾಗ ಮೇಸ್ತ್ರಿ ಈಶಾನ್ಯಕ್ಕೆ ಬೆರಳು ತೋರಿಸಿದ, ತಂದೆ ಗುದ್ದಲಿ ತರಿಸಿದರು, ಪಾದ್ರಿಗಳು ಬಂದು ಅದೇ ಗುಂಡಿಗೆ ಪವಿತ್ರ ಜಲ ಚಿಮುಕಿಸಿದರು. ನಮ್ಮ ಚರ್ಚಿನ, ಅಂದರೆ ಇಗರ್ಜಿಯ, ಬಾವಿಯೂ ಅದೇ ಮೂಲೆಯಲ್ಲಿದೆ. ಇದರಲ್ಲಿ ಧರ್ಮದ ಪ್ರಶ್ನೆ ಇದೆಯೆಂದು ನಮ್ಮಲ್ಲಿ ಯಾರಿಗೂ ಹೊಳೆದದ್ದಿಲ್ಲ.

ಇದಕ್ಕೆ ಸರಿಯಾಗಿ ಒಂದು ಶುಕ್ರವಾರ ದೊರೆ ನಮ್ಮ ಕೆಲವರನ್ನು ತಮ್ಮ ಗಾಡಿಯಲ್ಲಿ ಉತ್ತರದ ಮರುಭೂಮಿಗೆ ಕರೆದುಕೊಂಡು ಹೋದರು. ಅಲ್ಲೊಂದು ಪಾಳುಬಿದ್ದ ಪುಟ್ಟ ಕೋಟೆ. ಸುತ್ತ ಹತ್ತು ಮೈಲಿ ಹಸಿರೆಂಬುದಿಲ್ಲ, ಆದರೆ ಕೋಟೆಯ ಪಕ್ಕದಲ್ಲಿ ಬಾವಿ. ಬಾವಿ ಕಾಯಲೆಂದೇ ಕೋಟೆ ಕಟ್ಟಿದ್ದು ಎಂದು ದೊರೆಯೇ ವಿವರಿಸಿದರು. ಸಮುದ್ರದ ನೀರು ಸಿಹಿಮಾಡಿ, ಟ್ಯಾಂಕರಿನಲ್ಲಿ ತಂದು, ತಾರಸಿಯ ಟ್ಯಾಂಕಿಗೆ ತುಂಬಿಸಿ ಕುಡಿಯುವ ಊರಿನಲ್ಲಿ ಎಷ್ಟೋ ವರ್ಷ ಬದುಕಿದ ನಾನು ಆ ಒಣ ಬಾವಿಯೊಳಗೆ ಬಗ್ಗಿ ನೋಡಿದೆ. ಮರಳುಗಾಡಿನವರಿಗೇ ಇದು ಗೊತ್ತಿರುವಾಗ, ಮಳೆ ಬೀಳುವ ದೇಶದ ಪ್ರಭುವಿಗೆ ಗೊತ್ತಿರಲಿಲ್ಲ ಎಂದರೆ ನಂಬಲು ನನ್ನಿಂದಾಗಲಿಲ್ಲ.

ಪುಸ್ತಕಕ್ಕೆ ಕೋಟೆಯ ಒಂದು ನಕ್ಷೆ ಬೇಕಿತ್ತು. ದೊರೆಯ ಕೈಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದದ್ದು ನಮ್ಮ ಡ್ರಾಫ್ಟ್ಸ್‌ಮನ್. ಉಳ್ಳಾಲ ಕಡೆಯ ಬ್ಯಾರಿ ಮುಸಲ್ಮಾನರು, ನನಗಿಂತ ಹತ್ತು ವರ್ಷ ಚಿಕ್ಕವರು, ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುವ ಮನುಷ್ಯ. ಅವರ ಕುರ್ಚಿಯ ಹಿಂದೆ ನಿಂತು ನಾನು ಬಾವಿಯ ಅನ್ಯಾಯವನ್ನು ವಿವರಿಸಿದೆ. ಅವರು ಪೂರ್ತಿ ಒಪ್ಪಿದರು. ಇದ್ದರೆ ಇಲ್ಲೇ ಇದ್ದೀತು ಎಂದು ನಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಚುಕ್ಕಿಗೆರೆಯ ಒಂದು ವೃತ್ತ ಎಳೆದರು. ನಮ್ಮ ಶಾಸ್ತ್ರದಲ್ಲಿ ಚುಕ್ಕಿಗೆರೆ ಎಂದರೆ ಊಹೆ. ಇಬ್ಬರೂ ಕರಕ್ ಚಹಾ ಕುಡಿದು ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಇದು ಚಳಿಗಾಲದ ಮಾತು. ಜೂನಿನಲ್ಲಿ ಅಂತಿಮ ಪ್ರತಿ ಸಿದ್ಧಪಡಿಸಲು ಕೂತಾಗ ನಕ್ಷೆಯೂ ಬರಹವೂ ಅಕ್ಕಪಕ್ಕ ಇದ್ದವು. ನಕ್ಷೆಯ ಅಂಗಳದ ಈಶಾನ್ಯದಲ್ಲಿ ಒಂದು ಅಚ್ಚುಕಟ್ಟಾದ ವೃತ್ತ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಬಾವಿ’ ಎಂಬ ಶಬ್ದ. ಅಂತಿಮ ಪ್ರಿಂಟಿಗೆ ಹೋಗುವಾಗ ಎಲ್ಲ ಗೆರೆಗಳೂ ಒಂದೇ ದಪ್ಪಕ್ಕೆ ಬಂದು ಚುಕ್ಕಿಗಳು ಕೂಡಿಕೊಂಡಿದ್ದವು. ಬರಹದಲ್ಲಿ ಬಾವಿ ಇಲ್ಲ. ನಕ್ಷೆಯಲ್ಲಿ ಇದೆ. ನನ್ನ ಧರ್ಮಸೂತ್ರ ಜಾಗೃತವಾಯಿತು. ದೊರೆಯ ಅಕ್ಕ ಮನೆಯ ಹಳೆಯ ಕಾಗದಗಳನ್ನು ತುಂಬಿ ಆಗಾಗ ಕಳಿಸುತ್ತಿದ್ದ ಲಕೋಟೆಗಳಲ್ಲಿ ಯಾವುದೋ ಹಳೆಯ ನಕ್ಷೆ ಸಿಕ್ಕಿರಬೇಕು, ದೊರೆ ಡ್ರಾಫ್ಟ್ಸ್‌ಮನ್‌ಗೆ ಕೊಟ್ಟಿರಬೇಕು, ಬರಹ ತಿದ್ದಲು ಮರೆತಿರಬೇಕು. ನಾನು ನೀರಿನ ಭಾಗಕ್ಕೆ ಹೋಗಿ, ‘ತಿಳಿದಿಲ್ಲ’ ಎಂಬುದನ್ನು ತೆಗೆದು, ಕೋಟೆಯ ಬಾವಿ ಅಂಗಳದ ಈಶಾನ್ಯ ಮೂಲೆಯಲ್ಲಿತ್ತು, ಈಗ ಮುಚ್ಚಿಹೋಗಿದೆ ಎಂದು ಟೈಪ್ ಮಾಡಿದೆ. ಆ ವೃತ್ತ ನನ್ನ ಬೆರಳಿನಿಂದಲೇ ಹುಟ್ಟಿದ್ದು ಎಂಬುದು ನನಗೆ ಆಗ ನೆನಪಿರಲಿಲ್ಲವೇ? ಇರಲಿಲ್ಲ ಎಂದು ಪ್ರಮಾಣ ಮಾಡಲಾರೆ. ಆ ಸಾಲು ಟೈಪ್ ಮಾಡುವಾಗ ಒಂದು ಸಮಾಧಾನವಾಯಿತು ಎಂಬುದಂತೂ ನೆನಪಿದೆ.

ದೊರೆ ಓದಿದರು. ನಕ್ಷೆ ನೋಡಿದರು. ಬಾವಿಯ ವಿಷಯ ಅಕ್ಕ ನನಗೆ ನೇರ ಕಳಿಸಿದ್ದಾರೆಂದು ಅವರು ಭಾವಿಸಿದರು, ಅವರೇ ಕೊಟ್ಟದ್ದೆಂದು ನಾನು ಭಾವಿಸಿದೆ. ಸಹಿ ಬಿತ್ತು. ಬಿನ್ ಒಮ್ರಾನ್‌ನ ಒಬ್ಬ ಮಲಯಾಳಿಯ ಅಂಗಡಿಯಲ್ಲಿ ಇಪ್ಪತ್ತು ಪ್ರತಿ ಮಾಡಿಸಿ, ನೀಲಿ ರಟ್ಟು ಹಾಕಿಸಿ, ಒಂದರಿಂದ ಇಪ್ಪತ್ತರವರೆಗೆ ನಂಬರು ಹಚ್ಚಿದೆ. ಒಂದನೆಯ ಪ್ರತಿಯನ್ನು ಅಕ್ಕನಿಗೆಂದು ದೊರೆ ರಜೆಗೆ ಹೋಗುವಾಗ ಒಯ್ದರು. ಉಳಿದ ಹತ್ತೊಂಬತ್ತು ಪ್ರತಿಗಳು ನೆಂಟರಿಗೂ ಎರಡು ಲೈಬ್ರರಿಗಳಿಗೂ ಹೋಗತಕ್ಕದ್ದು. ಅವರು ಬರುವವರೆಗೆ ನನ್ನ ಕಪಾಟಿನಲ್ಲಿ.

ಜುಲೈ ತಿಂಗಳ ಕಚೇರಿ ಖಾಲಿ. ಹೊರಗೆ ಗಾಳಿಯೇ ಒದ್ದೆ ಬಟ್ಟೆಯಂತೆ ಮುಖಕ್ಕೆ ಬಡಿಯುತ್ತಿತ್ತು. ಕೆಲಸವಿಲ್ಲದ್ದರಿಂದ ನಾನು ಆ ಪುಸ್ತಕದ ಕಡತವನ್ನು ಶಾಸ್ತ್ರೋಕ್ತವಾಗಿ ಮುಚ್ಚಲು ಕೂತೆ. ನಕ್ಷೆಯ ಪ್ರತಿ ಅಂಶಕ್ಕೂ ಆಧಾರ ಬರೆಯಬೇಕು. ಬಾವಿಗೆ ಆಧಾರ ಯಾವುದೆಂದು ಡ್ರಾಫ್ಟ್ಸ್‌ಮನ್‌ಗೆ ಕೇಳಿದೆ.

“ಎಂತ ಮಾರಾಯ್ರೆ, ನೀವೇ ಅಲ್ವಾ ತೋರ್ಸಿದ್ದು, ಇಲ್ಲಿ ಹಾಕಿ ಅಂತ?”

“ದೊರೆ ಕೊಟ್ಟದ್ದಲ್ವಾ?”

“ದೊರೆಗೆ ಈಶಾನ್ಯ ಗೊತ್ತುಂಟಾ? ನಿಮ್ಮ ಬೆರಳಿನ ಗುರ್ತು ಸ್ಕ್ರೀನಲ್ಲಿ ಈಗ್ಲೂ ಇದ್ದೀತು, ನೋಡಿ,” ಎಂದರು. ಆಮೇಲೆ ನನ್ನ ಮುಖ ನೋಡಿ ತಮಾಷೆ ನಿಲ್ಲಿಸಿ, ಮೆಲ್ಲಗೆ, “ಪುಸ್ತಕದಲ್ಲಿ ಬರೆದಿದ್ದೀರಾ ಎಂತ?” ಎಂದರು.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಎಷ್ಟೋ ಕಾಗದಗಳಲ್ಲಿ ಎಷ್ಟೋ ತಪ್ಪು ಹಿಡಿದವನು ನಾನು. ನನ್ನ ಕೈಯಿಂದ ತಪ್ಪು ಹೊರಗೆ ಹೋದದ್ದಿಲ್ಲ. ಆದರೆ ಕಾಡಿದ್ದು ಅದಲ್ಲ. ಒಂದು ಸುಳ್ಳೂ ಇರಬಾರದೆಂದು ಮುದುಕ ಮನುಷ್ಯ ವರ್ಷಗಟ್ಟಲೆ ಬರೆದ ಪುಸ್ತಕ. ಅದರಲ್ಲಿ ಇರುವ ಒಂದೇ ಸುಳ್ಳು ನನ್ನದು. ಕಪಾಟಿನ ಹತ್ತೊಂಬತ್ತು ಪ್ರತಿಗಳನ್ನು ಹೇಗೋ ಸರಿಮಾಡಬಹುದು. ಒಂದು ಆಗಲೇ ಆ ಮನೆಯೊಳಗಿತ್ತು. ಹೆಂಡತಿಗೆ ಹೇಳಿದಾಗ ಅವಳು ಅನ್ನ ಬಡಿಸುತ್ತಾ, ತಪ್ಪು ಮದ್ದು ಕೊಟ್ಟಿದ್ದು ಗೊತ್ತಾದರೆ ನಾವು ರೋಗಿಗೆ ಕೂಡಲೇ ಹೇಳುತ್ತೇವೆ, ಅವನು ಗುಣವಾದ ಮೇಲೆ ಅಲ್ಲ ಎಂದಳು. ನಾನು ಮರುದಿನ ಬೆಳಿಗ್ಗೆ ಮೇಲ್ ಕಳಿಸಿದೆ. ಸದರಿ ಬಾವಿಗೆ ಯಾವುದೇ ಆಧಾರವಿಲ್ಲ, ಅದು ಕೆಳಗೆ ಸಹಿ ಮಾಡಿದವನ ಊಹೆ, ದಯವಿಟ್ಟು ಒಂದನೆಯ ಪ್ರತಿಯ ಹದಿನೇಳನೆಯ ಪುಟವನ್ನು ರದ್ದುಪಡಿಸಬೇಕು ಎಂದು ಬರೆದೆ. ಕ್ಷಮೆ ಕೇಳುವ ಸಾಲನ್ನು ನಾಲ್ಕು ಸಲ ತಿದ್ದಿದೆ.

ಎರಡು ದಿನ ಕಳೆದು ಉತ್ತರ ಬಂತು. ತಡವಾಯಿತು, ಅಕ್ಕ ಸೋಮವಾರದಿಂದ ಅಗೆಯುತ್ತಿದ್ದಾಳೆ ಎಂದಿತ್ತು. ಅಂಥ ಜಾಗದಲ್ಲಿ ಬಾವಿ ಹುಡುಕಲು ಸರಕಾರದ ಅಪ್ಪಣೆ ಬೇಕಂತೆ. ಆಲೂಗಡ್ಡೆ ನೆಡಲು ಅಪ್ಪಣೆ ಬೇಕಿಲ್ಲವೆಂದು ಅಕ್ಕ ನಿರ್ಧರಿಸಿದ್ದಾರಂತೆ. ಆದುದರಿಂದ ಎಪ್ಪತ್ತರ ಮಹಿಳೆ ಕೋಟೆಯ ಅಂಗಳದಲ್ಲಿ ಆಳುದ್ದ ಆಳದ ಆಲೂಗಡ್ಡೆ ಪಾತಿ ಮಾಡುತ್ತಿದ್ದಾರೆ. ಊಹೆ ಯಾರದ್ದೆಂದು ಆಕೆಗೆ ಇನ್ನೂ ಹೇಳಿಲ್ಲ, ಬಂದು ಮಾತಾಡುತ್ತೇನೆ ಎಂದು ಮುಗಿಸಿದ್ದರು. ಆ ಕೊನೆಯ ಸಾಲನ್ನು ನಾನು ಆಗಸ್ಟಿನವರೆಗೆ ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗಿದೆ.

ಅವರು ವಾಪಸು ಬಂದ ದಿನ ಕ್ಯಾಬಿನ್ನಿನ ಬಾಗಿಲು ಹಾಕಿ ಕೂರಲು ಹೇಳಿದರು. ಯಾಕೆ ಹಾಗೆ ಬರೆದೆ ಎಂದು ಕೇಳಿದರು. ನಾನು ನಮ್ಮ ಬಾವಿಗಳು, ಮೇಸ್ತ್ರಿ, ಪಾದ್ರಿ, ಇಗರ್ಜಿಯ ಮೂಲೆ, ಮರುಭೂಮಿಯ ಕೋಟೆ ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ಬಾಲಿಶವಾಗಿ ಕೇಳಿಸಿತು. ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನ್ನ ತಂದೆ ಮೊದಲ ವರ್ಷ, ರಾಜ ಈ ಮಂಚದಲ್ಲಿ ಮಲಗಿದ್ದಿರಬಹುದು ಅನ್ನುತ್ತಿದ್ದರು. ಮುಂದಿನ ಬೇಸಿಗೆಗೆ ಆ ‘ಇರಬಹುದು’ ಬಿಟ್ಟುಹೋಗಿತ್ತು. ಅವರಿಗೂ ಅದು ಗೊತ್ತಾಗಲಿಲ್ಲ ಅಂತ ಕಾಣುತ್ತದೆ,” ಎಂದರು.

ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅಕ್ಕನ ಗುಂಡಿಯಲ್ಲಿ ಸಿಕ್ಕಿದ್ದು ಒದ್ದೆ ಜೇಡಿ, ಒಡೆದ ಹೆಂಚು, ಒಂದು ಕುದುರೆ ಲಾಳ ಎಂದು ತಿಳಿಸಿದರು. ವಾರವಿಡೀ ಹಳ್ಳಿಯವರು ಸನಿಕೆ ಹಿಡಿದು ಬರುತ್ತಿದ್ದರಂತೆ; ಅಕ್ಕ ಅವರಿಗೆ ಚಹಾ ಮಾಡಿ, ಎಷ್ಟೋ ವರ್ಷದ ನಂತರ ದೊಡ್ಡ ಕೆಟಲನ್ನು ಹೊರಗೆ ತೆಗೆದಿದ್ದರಂತೆ. ಬಾವಿ ಇನ್ನೆರಡು ಅಡಿ ಆಚೆ ಇರಬೇಕು ಎಂಬುದು ಈಗ ಇಡೀ ಹಳ್ಳಿಯ ಅಭಿಪ್ರಾಯ. ನಿಜ ಸಂಗತಿ ಹೇಳಿದಾಗ ಅಕ್ಕ ಕೇಳಿಸಿಕೊಂಡು, ಕೆಟಲಿಗೆ ಮತ್ತೆ ನೀರು ತುಂಬಿಸಿದರಂತೆ.

ಅನಂತರ ಅವರು ತಿದ್ದುಪಡಿಯ ಚೀಟಿಯೊಂದನ್ನು ಹೇಳಿ ಬರೆಸಿದರು. ಈ ಕೋಟೆಯಲ್ಲಿ ಬಾವಿ ಇತ್ತೆಂಬುದಕ್ಕೆ ಆಧಾರವಿಲ್ಲ. ಆ ವಾಕ್ಯವನ್ನು ಪುಸ್ತಕ ಟೈಪ್ ಮಾಡಿದವರು ತಮ್ಮ ಊರಿನ ಪದ್ಧತಿಯನ್ನು ಅನುಸರಿಸಿ ಸೇರಿಸಿದರು. ಅಷ್ಟೇ. ನನ್ನ ಹೆಸರು ಹಾಕಬಹುದು ಎಂದೆ. ಅಗತ್ಯವಿಲ್ಲ, ಒಪ್ಪಿಗೆಯ ಸಹಿ ತಮ್ಮದೇ ಇದೆ ಎಂದರು. ಮಧ್ಯಾಹ್ನ ನಾವಿಬ್ಬರೂ ಡ್ರಾಫ್ಟ್ಸ್‌ಮನ್ನರ ದೊಡ್ಡ ಮೇಜಿನಲ್ಲಿ ಕೂತು ಹತ್ತೊಂಬತ್ತು ಚೀಟಿಗಳನ್ನು ಹತ್ತೊಂಬತ್ತು ಪ್ರತಿಗಳ ಹದಿನೇಳನೆಯ ಪುಟಕ್ಕೆ ಅಂಟಿಸಿದೆವು. ಡ್ರಾಫ್ಟ್ಸ್‌ಮನ್ ನಕ್ಷೆಯ ವೃತ್ತವನ್ನು ಬ್ಲೇಡಿನಿಂದ ಕೆರೆದು ತೆಗೆದರು, ಉಸಿರು ಬಿಗಿಹಿಡಿದು. ದೊರೆಯ ಬೆರಳುಗಳಿಗೆಲ್ಲ ಗೋಂದು ಮೆತ್ತಿಕೊಂಡಿತ್ತು.

ಇಪ್ಪತ್ತನೆಯ ಚೀಟಿಯನ್ನು ನಾನು ಅಕ್ಕನಿಗೆ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ನಮ್ಮ ರವಾನೆ ಫಾರ್ಮು. ಅದರಲ್ಲಿ ಎರಡು ಚೌಕಗಳಿವೆ: ಒಂದು ‘ಕ್ರಮಕ್ಕಾಗಿ’, ಇನ್ನೊಂದು ‘ಮಾಹಿತಿಗಾಗಿ’, ಅಂದರೆ ಓದಿಟ್ಟುಕೊಂಡರೆ ಸಾಕು. ಕ್ರಮಕ್ಕಾಗಿ ಎಂಬಲ್ಲಿ ಗುರುತು ಹಾಕಿ, ಚೀಟಿ ಅಂಟಿಸಿ ಸಹಿ ಮಾಡಿ ಫಾರ್ಮನ್ನು ಫ್ಯಾಕ್ಸ್ ಮಾಡಬೇಕೆಂದು ವಿನಂತಿಸಿದ್ದೆ.

ಮೂರು ವಾರಕ್ಕೆ ಫ್ಯಾಕ್ಸ್ ಬಂತು. ನನ್ನ ಗುರುತನ್ನು ಅವರು ನೇರವಾದ ಒಂದು ಗೆರೆಯಿಂದ ಹೊಡೆದುಹಾಕಿ ಪಕ್ಕದ ಚೌಕದಲ್ಲಿ, ಮಾಹಿತಿಗಾಗಿ ಎಂಬಲ್ಲಿ, ಹೊಸ ಗುರುತು ಹಾಕಿದ್ದರು. ಕೆಳಗೆ ಸಹಿ, ಅದರ ಕೆಳಗೆ ಓರೆ ಅಕ್ಷರದಲ್ಲಿ ಒಂದು ಸಾಲು: ಅಪ್ಪನಿಗೆ ಈ ಬಾವಿ ಬಹಳ ಹಿಡಿಸುತ್ತಿತ್ತು.

ಅದನ್ನು ದೊರೆಗೆ ಕೊಟ್ಟೆ. ನಿಂತುಕೊಂಡೇ ಓದಿದರು. ಮುಂದೆ ಆ ಮನೆಗೆ ಬರುವ ಟ್ರಸ್ಟಿನವರು, ಗೈಡುಗಳು, ಭಾನುವಾರದ ಜನ, ಎಲ್ಲರೂ ತೆರೆದು ನೋಡುವುದು ಮನೆಯಲ್ಲಿರುವ ಪ್ರತಿಯನ್ನೇ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಇನ್ನೊಂದು ಚೀಟಿ ಕಳಿಸಲೇ ಎಂದು ನಾನು ಕೇಳಿದ್ದಕ್ಕೆ ಅವರು ಬೇಡವೆಂದರು.

“ಅವಳು ಆ ಮನೆಯಲ್ಲೇ ಇದ್ದಾಳೆ. ನಾನು ಇಷ್ಟು ವರ್ಷ ಇಲ್ಲಿ ಇದ್ದೆ,” ಎಂದರು.

ಆಮೇಲೆ ಪ್ರತಿಗಳ ರಿಜಿಸ್ಟರ್ ತರಲು ಹೇಳಿದರು. ಒಂದನೆಯ ಪ್ರತಿಯ ಎದುರಿಗೆ ‘ತಿದ್ದುಪಡಿ ಆಗಿಲ್ಲ’ ಎಂದು ನಾನು ಬರೆದೆ. ಪಕ್ಕದಲ್ಲಿ ಅವರು ಸಣ್ಣ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದರು.